ಕ್ಯಾಮೆರಾದೊಳಗೆ ಕಡಲು ನುಗ್ಗದ ಹಾಗೆ

ಕುಂಬಳೆಯ ನಮ್ಮ ಮನೆಯಿಂದ ಕಡಲಿಗೆ ನಡೆದೇ ಹೋಗಬಹುದು. ಆದರೆ ನೀರೊಳಗೆ ಫೋಟೋ ತೆಗೆಯಲು ನಾನು ಹೋಗುವುದು ಜಾಸ್ತಿ ಮುರುಡೇಶ್ವರಕ್ಕೆ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ. ಅಪರೂಪಕ್ಕೆ ಲಕ್ಷದ್ವೀಪ. ಈಗ ಕಾಸರಗೋಡಿನ ಕಡೆಯ ಹಲವು ಹುಡುಗರು, ಹುಡುಗಿಯರು ಸ್ಕೂಬಾ ಕಲಿತು ಬಂದಿದ್ದಾರೆ. ಕ್ಯಾಮೆರಾ ತೆಗೆದುಕೊಂಡ ಕೂಡಲೇ ಅವರು ಕೇಳುವುದು ಒಂದೇ: "ಅಣ್ಣಾ, ಒಳಗೆ ನೀರು ಹೋಗದ ಹಾಗೆ ಏನು ಮಾಡ್ತೀರಿ?" ನಾನು ಮಾಡುವುದನ್ನು ಇದ್ದ ಹಾಗೆ ಬರೆಯುತ್ತೇನೆ.

ಆಳಕ್ಕೆ ಹೋದಷ್ಟೂ ಅಪಾಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕ್ಯಾಮೆರಾವನ್ನು ಒಳಗಿಟ್ಟು ಮುಚ್ಚುವ, ನೀರು ಹೋಗದ ಪೆಟ್ಟಿಗೆಗೆ ಹೌಸಿಂಗ್ ಅಂತಾರೆ. ಅದಕ್ಕೆ ಹೇಳಿರುವ ಆಳದ ಮಿತಿಯೊಳಗೆ ಇರುವವರೆಗೆ ವಿಷಯ ಹೆಚ್ಚುಕಡಿಮೆ ಉಲ್ಟಾ. ಲೆಕ್ಕ ಹಾಕಿ ನೋಡಿ. 10 ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಭಾರ ಹಾಕುತ್ತದೆ. ಹೌಸಿಂಗಿನ ಹಿಂಬದಿ ಮುಚ್ಚಳ 10 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ ಇದ್ದರೆ ಅದರ ಮೇಲೆ 150 ಕಿಲೋ ಕೂತ ಹಾಗಾಯಿತು. ಆ ಭಾರವೇ ಮುಚ್ಚಳವನ್ನು ಓ-ರಿಂಗಿಗೆ, ಅಂದರೆ ಮುಚ್ಚಳದ ಸುತ್ತ ಕೂರುವ ರಬ್ಬರಿನ ಬಳೆಗೆ, ಒತ್ತಿ ಹಿಡಿಯುತ್ತದೆ. ಅರ್ಧ ಮೀಟರಿನಲ್ಲಿ ಇದೇ ಮುಚ್ಚಳದ ಮೇಲೆ ಇರುವುದು ಬರೀ ಏಳೂವರೆ ಕಿಲೋ. ಅಲ್ಲಿ ಅಲೆ ಇದೆ, ದೋಣಿಯ ಹಗ್ಗ ಇದೆ, ಪಕ್ಕದವರ ಕಾಲಿನ ಫಿನ್ ಇದೆ. ಮುಚ್ಚಳ ಚೂರು ಅಲ್ಲಾಡಿದರೆ ಸಾಕು. ಹಾಗಾಗಿ ನನ್ನ ಹೆದರಿಕೆಯೆಲ್ಲ ಮೊದಲ ಒಂದೆರಡು ಮೀಟರಿನದ್ದು.

ಅದಕ್ಕೆ ಬೇಕಾದ ಕೆಲಸ ನಡೆಯುವುದು ದೋಣಿಯಲ್ಲಲ್ಲ, ಹಿಂದಿನ ರಾತ್ರಿ ಮನೆಯ ಮೇಜಿನ ಮೇಲೆ. ದೋಣಿಯಲ್ಲಿ ಹೌಸಿಂಗ್ ತೆರೆದು ಓ-ರಿಂಗ್ ಹಾಕುವವರನ್ನು ನೋಡಿದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಕೈ ಒದ್ದೆ, ತಲೆಯಿಂದ ಉಪ್ಪುನೀರು ತೊಟ್ಟಿಕ್ಕುತ್ತದೆ, ಮೇಲಿಂದ ಗಾಳಿ.

ಮನೆಯಲ್ಲೂ ಗಾಳಿ ಬೇಡ. ಫ್ಯಾನ್ ಆಫ್ ಮಾಡುತ್ತೇನೆ. ನೇತ್ರಾಣಿಗೆ ಹೋಗುವ ಸೀಸನ್ ಮಳೆ ಬಿಟ್ಟ ಮೇಲೆ ಶುರುವಾಗುತ್ತದೆ. ನಮ್ಮಲ್ಲಿ ಅಂಗಳದ ತುಂಬ ಅಡಿಕೆ ಒಣಗುವುದು, ಸುಲಿಯುವುದು ಕೂಡ ಆಗಲೇ. ಆ ಸಿಪ್ಪೆಯ ನಾರು ಎಲ್ಲೆಲ್ಲೂ ಹಾರುತ್ತದೆ. ಅದಕ್ಕೇ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಮೇಜು ಒರೆಸಿ ಕೂರುತ್ತೇನೆ. ಓ-ರಿಂಗನ್ನು ಎರಡು ಬೆರಳಿನಲ್ಲಿ ಒಂದೇ ಕಡೆಗೆ ತಳ್ಳಿದರೆ ಸ್ವಲ್ಪ ಬಾಗಿ ಮೇಲೇಳುತ್ತದೆ, ಅಲ್ಲಿ ಹಿಡಿದು ತೆಗೆಯುವುದು. ಬರದಿದ್ದರೆ ಹಳೆಯ ಎಟಿಎಂ ಕಾರ್ಡಿನ ಮೂಲೆ. ಪಿನ್ನು, ಚಾಕು ಬೇಡವೇ ಬೇಡ. ಓ-ರಿಂಗ್ ಕೂರುವ ಗ್ರೂವಿನಲ್ಲಿ (ಸಣ್ಣ ಕಾಲುವೆಯಲ್ಲಿ) ಒಂದು ಗೀರು ಬಿದ್ದರೆ ನೀರಿಗೆ ಅದೇ ದಾರಿ.

ಆಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡುತ್ತೇನೆ. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಮಾತ್ರ ಕಪ್ಪು ರಬ್ಬರಿನ ಮೇಲೆ ಕಂದು ಬಣ್ಣದ ನಾರಿನ ತುಂಡೊಂದು ಮಿಂಚುತ್ತದೆ. ಕಣ್ಣಿನ ರೆಪ್ಪೆಯ ಕೂದಲಿಗಿಂತ ಸಣ್ಣದು. ಅದು ಓ-ರಿಂಗಿಗೆ ಅಡ್ಡ ಕೂತರೆ ಅದರ ಎರಡೂ ಬದಿ ಸಣ್ಣ ಸಂದು ಉಳಿಯುತ್ತದೆ. ಆ ಸಂದಿನಲ್ಲೇ ನೀರು ನುಸುಳುವುದು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ: ಕಣ್ಣು ಮುಚ್ಚಿ ಓ-ರಿಂಗನ್ನು ಬೆರಳುಗಳ ನಡುವೆ ನಿಧಾನ ಎಳೆಯುತ್ತಾ ಹೋಗಿ, ಮರಳಿನ ಕಣ ಇದ್ದರೆ ತಾಗಿಯೇ ತಾಗುತ್ತದೆ. ಒರೆಸಲು ಕನ್ನಡಕದ ಬಟ್ಟೆ ಒಳ್ಳೆಯದು. ಹತ್ತಿ, ಟಿಶ್ಯೂ ಎರಡೂ ಎಳೆ ಬಿಡುತ್ತವೆ.

ಗ್ರೀಸಿನ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ನೀರನ್ನು ತಡೆಯುವುದು ಗ್ರೀಸ್ ಅಲ್ಲ, ರಬ್ಬರು. ಗ್ರೀಸ್ ಇರುವುದು ರಬ್ಬರು ತಿರುಚಿಕೊಳ್ಳದೆ ಸರಿಯಾಗಿ ಕೂರಲಿ ಅಂತ. ಓ-ರಿಂಗ್ ಹೊಳೆಯುವಷ್ಟು ಸಾಕು. ದಪ್ಪಗೆ ಬಳಿದರೆ ಇದ್ದಬದ್ದ ಧೂಳು ಬಂದು ಅಂಟುತ್ತದೆ. ಇನ್ನೊಂದು ಮಾತು, ಹೌಸಿಂಗಿನ ಕಂಪನಿ ಹೇಳಿದ ಗ್ರೀಸನ್ನೇ ಬಳಸಿ. ಕೆಲವು ಓ-ರಿಂಗ್‌ಗಳು ಸಿಲಿಕೋನಿನವು, ಅವಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಉಬ್ಬಿ ಹಾಳಾಗುತ್ತವೆ. ವ್ಯಾಸಲಿನ್ ಹಚ್ಚಬೇಡಿ.

ಕ್ಯಾಮೆರಾ ಕೂರಿಸಿ ಮುಚ್ಚುವಾಗ ಕಡಲತೀರದ ನಮ್ಮ ತೇವದ ಗಾಳಿಯೂ ಒಳಗೆ ಸೇರುತ್ತದೆ. ನೀರಿನ ತಂಪಿಗೆ ಗಾಜಿನ ಒಳಗೆ ಮಂಜು ಕಟ್ಟುವುದು ಅದರಿಂದಲೇ. ಎಸಿ ಕೋಣೆಯಲ್ಲಿ ಮುಚ್ಚಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಆಯಿತು. ಪೊಟ್ಟಣದ ಅಂಚು ಓ-ರಿಂಗಿಗೆ ಸಿಕ್ಕಿಕೊಳ್ಳದ ಹಾಗೆ ನೋಡಿ. ಕ್ಯಾಮೆರಾದ ದಾರ ಕೂಡ ಹಾಗೆಯೇ, ನಾನು ಅದನ್ನು ಬಿಚ್ಚಿಯೇ ಬಿಡುತ್ತೇನೆ.

ಈಗ ನನಗೆ ತುಂಬ ಇಷ್ಟದ ಸಾಧನದ ವಿಷಯ: ವ್ಯಾಕ್ಯೂಮ್ ಪಂಪು. ನನ್ನ ಅಲ್ಯೂಮಿನಿಯಂ ಹೌಸಿಂಗಿಗೆ ಒಂದು ವಾಲ್ವ್ ಇದೆ. ಮುಚ್ಚಿದ ಮೇಲೆ ಕೈಪಂಪಿನಿಂದ ಒಳಗಿನ ಗಾಳಿಯನ್ನು ಸ್ವಲ್ಪ ಎಳೆದು ತೆಗೆಯುತ್ತೇನೆ, ಸುಮಾರು ಐದನೇ ಒಂದು ಪಾಲು. ಒಳಗಿನ ಒತ್ತಡ ತಕ್ಕಷ್ಟು ಇಳಿದಾಗ ಹೌಸಿಂಗಿನ ಹಸಿರು ದೀಪ ಹತ್ತುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆಯೂ ಹಸಿರು ಇದ್ದರೆ ಗಾಳಿಯೇ ನುಸುಳಿಲ್ಲ ಎಂದಾಯಿತು, ಮತ್ತೆ ನೀರಿನ ಮಾತೇನು? ಬಿಸಿಲಿಗೆ ಇಟ್ಟರೆ ಒಳಗಿನ ಗಾಳಿ ಹಿಗ್ಗಿ ದೀಪ ಸುಮ್ನೆ ಹೆದರಿಸುವುದುಂಟು, ಅದಕ್ಕೆ ನೆರಳಲ್ಲಿ ಇಡಬೇಕು. ಇದರಲ್ಲಿ ಇನ್ನೂ ದೊಡ್ಡ ಲಾಭ ಇದೆ. ಗಾಳಿ ತೆಗೆದಾಗ ಅದೇ 10ಕ್ಕೆ 15ರ ಮುಚ್ಚಳದ ಮೇಲೆ ದಡದಲ್ಲೇ ಸುಮಾರು 30 ಕಿಲೋ ಬೀಳುತ್ತದೆ, ಎರಡು ಮೀಟರ್ ಆಳಕ್ಕೆ ಇಳಿದಷ್ಟು. ಆ ಕೆಟ್ಟ ಮೊದಲ ಎರಡು ಮೀಟರನ್ನು ಮನೆಯಲ್ಲೇ ದಾಟಿದ ಹಾಗೆ!

ಪಂಪಿಗೆ ದುಡ್ಡು ಬೇಕು, ನಿಜ. ಹೊಸಬರಿಗೆ ನಾನು ಹೇಳುವುದು, ತಾನಾಗಿಯೇ ನೀರು ತಡೆಯುವ ಕ್ಯಾಮೆರಾವನ್ನೇ ಹೌಸಿಂಗಿನೊಳಗೆ ಹಾಕಿ. ಒಲಿಂಪಸ್ ಟಿಜಿ-6 ಹೌಸಿಂಗ್ ಇಲ್ಲದೆಯೇ 15 ಮೀಟರ್ ತಡೆಯುತ್ತದೆ, ಅದರ ಹೌಸಿಂಗ್ 45 ಮೀಟರ್. ಗೋಪ್ರೊ ಹಾಗೇ 10 ಮೀಟರ್, ಹೌಸಿಂಗಿನಲ್ಲಿ 60. ಹೊರಗಿನದ್ದು ಸೋತರೂ ಮೇಲೆ ಬರುವಷ್ಟು ಹೊತ್ತು ಒಳಗಿನದ್ದು ಕಾಪಾಡಬಹುದು.

ದೋಣಿಯಿಂದ ಹಾರುವಾಗ ಕ್ಯಾಮೆರಾ ನನ್ನ ಕೈಯಲ್ಲಿ ಇರುವುದಿಲ್ಲ. "ನಾನು ಇಳಿದ ಮೇಲೆ ಕೊಡಿ ಅಣ್ಣಾ, ಎಸೆಯಬೇಡಿ" ಅಂತ ದೋಣಿಯವರಿಗೆ ಮೊದಲೇ ಹೇಳಿಟ್ಟಿರುತ್ತೇನೆ. ಕೈಗೆ ಬಂದ ಮೇಲೆ ಒಂದು ಮೀಟರಿನಲ್ಲೇ ನಿಂತು ತಿರುಗಿಸಿ ನೋಡುವುದು. ಬಟನ್ನಿನ ಸ್ಪ್ರಿಂಗಿನಲ್ಲಿ ಸಿಕ್ಕಿದ ನಾಲ್ಕಾರು ಗುಳ್ಳೆ ಬಂದು ನಿಲ್ಲುತ್ತವೆ, ಚಿಂತೆ ಇಲ್ಲ. ಒಂದೇ ಜಾಗದಿಂದ ಸಾಲಾಗಿ ಬರುತ್ತಲೇ ಇದ್ದರೆ ಕ್ಯಾಮೆರಾ ವಾಪಸು ದೋಣಿಗೆ.

ಡೈವ್ ಮುಗಿದ ಮೇಲೂ ಅಪಾಯ ಮುಗಿಯುವುದಿಲ್ಲ. ಗೆಳೆಯನೊಬ್ಬನ ಹೌಸಿಂಗ್ 18 ಮೀಟರಿಗೆ ಇಳಿದು ಒಣಗಿಯೇ ಮೇಲೆ ಬಂತು, ಹಾಳಾದದ್ದು ದಡದ ಸಿಹಿನೀರಿನ ಟಬ್ಬಿನಲ್ಲಿ. ಎಲ್ಲರ ಕ್ಯಾಮೆರಾಗಳ ರಾಶಿಯಲ್ಲಿ ಇನ್ನೊಂದರ ಹಿಡಿ ತಾಗಿ ಇವನ ಹೌಸಿಂಗಿನ ಲಾಚ್ (ಮುಚ್ಚಳದ ಕೊಂಡಿ) ಎದ್ದಿತ್ತು. ಟಬ್ಬಿನಿಂದ ಎತ್ತುವಾಗ ಒಳಗೆ ನೀರು ಆಚೀಚೆ ಹೊಯ್ದಾಡುತ್ತಿತ್ತು. ಪಾಪ, ಅವನ ಮುಖ ನೋಡಲು ಆಗಲಿಲ್ಲ. ನಾನು ನನ್ನದೇ ಒಂದು ಬಕೆಟ್ ಒಯ್ಯುತ್ತೇನೆ. ಹಿಂತಿರುಗುವ ದೋಣಿಯಲ್ಲಿ ಒದ್ದೆ ಬೈರಾಸು ಸುತ್ತಿ ನೆರಳಲ್ಲಿ ಇಡುತ್ತೇನೆ, ಯಾಕೆಂದರೆ ಒಣಗಿದರೆ ಬಟನ್ನಿನ ಬುಡದಲ್ಲಿ ಉಪ್ಪು ಹರಳುಗಟ್ಟಿ ಒಳಗಿನ ಸಣ್ಣ ಓ-ರಿಂಗನ್ನು ಕೊರೆಯುತ್ತದೆ. ಬಕೆಟ್ಟಿನಲ್ಲಿ ಮುಳುಗಿಸಿ ಎಲ್ಲ ಬಟನ್ ಒತ್ತಿ ಒತ್ತಿ ತೊಳೆದು, ಪೂರ್ತಿ ಒರೆಸಿದ ಮೇಲೆಯೇ ತೆರೆಯುವುದು.

ನೀರು ಹೋಗಿಯೇ ಬಿಟ್ಟರೆ? ಲೆನ್ಸಿನ ಕಡೆಯನ್ನು ಕೆಳಗೆ ಮಾಡಿ, ನೀರು ಮುಂದಿನ ಗಾಜಿನಲ್ಲಿ ನಿಲ್ಲುತ್ತದೆ. ದಯವಿಟ್ಟು ಮೇಲಕ್ಕೆ ಓಡಬೇಡಿ. ನಿಮಿಷಕ್ಕೆ 9 ಮೀಟರ್ ಮೀರದೆ ಏರಿ, 5 ಮೀಟರಿನಲ್ಲಿ 3 ನಿಮಿಷ ನಿಂತೇ ಬನ್ನಿ. ಶ್ವಾಸಕೋಶಕ್ಕೆ ಏಟಾದರೆ ಯಾವ ಕ್ಯಾಮೆರಾ ಉಳಿದು ಏನು ಪ್ರಯೋಜನ? ಮೇಲೆ ಬಂದು ತೆರೆಯುವಾಗ ಮುಖ ದೂರ ಇಡಿ, ಒಳಗೆ ಒತ್ತಡ ಉಳಿದಿದ್ದರೆ ಮುಚ್ಚಳ ಚಿಮ್ಮಬಹುದು. ಕೂಡಲೇ ಬ್ಯಾಟರಿ ತೆಗೆಯಿರಿ, ಆನ್ ಆಗುತ್ತಾ ಅಂತ ನೋಡುವುದು ಬೇಡ. ಉಪ್ಪುನೀರು ತಾಗಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು. ಅಕ್ಕಿ ಡಬ್ಬದಲ್ಲಿಟ್ಟರೆ ಉಪ್ಪು ಹೋಗುವುದಿಲ್ಲ, ರಿಪೇರಿಯವರ ಹತ್ತಿರ ಬೇಗ ತಲುಪಿಸಿ.

ವಿಮಾನದಲ್ಲಿ ಲಕ್ಷದ್ವೀಪಕ್ಕೆ ಹೋಗುವಾಗ ದೊಡ್ಡ ಓ-ರಿಂಗ್ ತೆಗೆದೇ ಹೌಸಿಂಗ್ ಪ್ಯಾಕ್ ಮಾಡುತ್ತೇನೆ. ಇಲ್ಲದಿದ್ದರೆ ಒತ್ತಡ ಬದಲಾಗಿ, ಇಳಿದ ಮೇಲೆ ಮುಚ್ಚಳ ಬಿಚ್ಚಲು ಬರುವುದಿಲ್ಲ. ಮಳೆಗಾಲಕ್ಕೂ ಅದೇ ಕ್ರಮ. ಓ-ರಿಂಗ್ ಜಿಪ್ ಕವರಿನಲ್ಲಿ, ಲಾಚ್ ಸಡಿಲ, ಲೆನ್ಸಿಗೆ ಬೂಸ್ಟು ಹಿಡಿಯದ ಹಾಗೆ ಕ್ಯಾಮೆರಾ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ. ಬಟನ್ನುಗಳ ಓ-ರಿಂಗ್ ಬದಲಿಸುವುದು ನಮ್ಮ ಕೈಯ ಕೆಲಸವಲ್ಲ, ಹೌಸಿಂಗನ್ನು ಸರ್ವಿಸಿಗೆ ಕಳಿಸಲು ಮಳೆಗಾಲದ ಆಟಿ ತಿಂಗಳೇ ಒಳ್ಳೆಯದು. ಆಗ ನೇತ್ರಾಣಿಗೆ ಡೈವಿಂಗಿನ ದೋಣಿಯೂ ಇರುವುದಿಲ್ಲ.