ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂತಿದೆಯಾ? ಮೊದಲು ಅರ್ಥ್ ಹುಡುಕಿ

ಬರಿಗಾಲಲ್ಲಿ ಕೂತು ಮೊಣಕೈ ತಗುಲಿಸಿದರೆ ನನ್ನ ಡೆಸ್ಕ್‌ಟಾಪ್ ಕ್ಯಾಬಿನೆಟ್ ಜುಮ್ ಅನ್ನುತ್ತಿತ್ತು. ಅದಕ್ಕೆ ನಾನು ಕಂಡುಕೊಂಡ ಪರಿಹಾರ ಏನು ಗೊತ್ತಾ? ಚಪ್ಪಲಿ. ಆರು ತಿಂಗಳು ಚಪ್ಪಲಿ ಹಾಕಿಕೊಂಡೇ ಕೆಲಸ ಮಾಡಿದೆ.

ಕೊನೆಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ತಂದು ಎಸಿ ವೋಲ್ಟ್‌ಗೆ ತಿರುಗಿಸಿ, ಒಂದು ಕಡ್ಡಿ ಕ್ಯಾಬಿನೆಟ್ ಸ್ಕ್ರೂಗೆ, ಇನ್ನೊಂದು ಗೋಡೆಯ ಸಾಕೆಟ್‌ನ ಅರ್ಥ್ ತೂತಿಗೆ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರ್‌ನದು) ಇಟ್ಟೆ. 112 ವೋಲ್ಟ್ ತೋರಿಸಿತು. 230ರ ಹೆಚ್ಚುಕಮ್ಮಿ ಅರ್ಧ. ಈ ಅರ್ಧ ಕಂಡರೆ ಅರ್ಥ್ ಎಲ್ಲೋ ಕಡಿದಿದೆ ಅಂತಲೇ ಲೆಕ್ಕ.

ಕಾರಣ ಹೀಗೆ. ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಒಳಗೆ ಕರೆಂಟ್ ಬರುವ ಬಾಯಲ್ಲೇ ವೈ ಕ್ಯಾಪಾಸಿಟರ್ ಅನ್ನುವ ಎರಡು ಪುಟ್ಟ ಬಿಲ್ಲೆಗಳಿರುತ್ತವೆ. ಒಂದು ಫೇಸ್‌ನಿಂದ (ಕರೆಂಟ್ ಇರುವ ವೈರ್) ಬಾಡಿಗೆ, ಅಂದರೆ ಕ್ಯಾಬಿನೆಟ್‌ನ ಲೋಹಕ್ಕೆ; ಇನ್ನೊಂದು ನ್ಯೂಟ್ರಲ್‌ನಿಂದ (ಕರೆಂಟ್ ಮರಳುವ ವೈರ್) ಅದೇ ಲೋಹಕ್ಕೆ. ಎಸ್‌ಎಂಪಿಎಸ್ ಕರೆಂಟನ್ನು ಸರಸರ ಆನ್-ಆಫ್ ಮಾಡುವಾಗ ಏಳುವ ಗಲಾಟೆಯನ್ನು ಅರ್ಥ್‌ಗೆ ದಾಟಿಸುವುದು ಅವುಗಳ ಕೆಲಸ. ಅರ್ಥ್ ಇಲ್ಲದಿದ್ದರೆ ಬಾಡಿ ಫೇಸ್, ನ್ಯೂಟ್ರಲ್ ನಡುವೆ ತೂಗಾಡುತ್ತದೆ. ಒಂದೊಂದೂ 2.2 ನ್ಯಾನೋಫ್ಯಾರಡ್ ಇದ್ದರೆ ನಮ್ಮ ಮೈಯಲ್ಲಿ ಹರಿಯುವುದು ಸುಮಾರು 0.16 ಮಿಲಿಆಂಪ್ ಅಷ್ಟೇ. ಜುಮ್ ಅಂತ ಚೆನ್ನಾಗಿ ಗೊತ್ತಾಗಲು ಸಾಮಾನ್ಯವಾಗಿ ಅರ್ಧ ಮಿಲಿಆಂಪ್ ಹತ್ತಿರ ಬೇಕು.

ಹಾಗಾದರೆ ನನಗೆ ಹೇಗೆ ಗೊತ್ತಾಗುತ್ತಿತ್ತು? ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಕಂಪ್ಯೂಟರ್, ಮಾನಿಟರ್, ಪ್ರಿಂಟರ್, ಆಂಪ್ಲಿಫೈಯರ್ ಸಿಕ್ಕಿಸಿದ್ದೆ. ಬೋರ್ಡ್ ಬಿಚ್ಚಿದರೆ ಅರ್ಥ್ ಪಟ್ಟಿ ಇದೆ, ಅದಕ್ಕೆ ಹಸಿರು ವೈರೇ ಇಲ್ಲ. ಪ್ಲಗ್‌ನಲ್ಲಿ ಮೂರು ಪಿನ್, ಕೇಬಲ್‌ನಲ್ಲಿ ಎರಡೇ ವೈರ್! ನಾಲ್ಕು ಬಾಡಿಗಳೂ ಆ ಪಟ್ಟಿಯಲ್ಲಿ ಒಂದಾಗಿ, ನಾಲ್ಕರ ಸೋರಿಕೆಯೂ ನನ್ನ ಮೊಣಕೈಗೆ ಬರುತ್ತಿತ್ತು. ಅದೂ ಹೋಗಲಿ. ಒಂದರಲ್ಲಿ ಫೇಸ್ ಕಿತ್ತು ಬಾಡಿಗೆ ತಗುಲಿದ್ದರೆ ನಾಲ್ಕಕ್ಕೂ ಪೂರ್ತಿ 230 ವೋಲ್ಟ್, ಫ್ಯೂಸ್ ಹೋಗುತ್ತಲೂ ಇರಲಿಲ್ಲ. ಅದನ್ನು ನೆನೆದಾಗಲೇ ನನಗೆ ಬೆವರು ಬಂದಿದ್ದು.

ನೀವು ನೋಡುವಾಗ ಗೋಡೆಯ ಸಾಕೆಟ್‌ನಿಂದ ಶುರು ಮಾಡಿ. ಫೇಸ್-ನ್ಯೂಟ್ರಲ್ 230 ಆಸುಪಾಸು, ಫೇಸ್-ಅರ್ಥ್ ಕೂಡ ಅಷ್ಟೇ ಬರಬೇಕು. ನ್ಯೂಟ್ರಲ್-ಅರ್ಥ್ ಒಂದೆರಡು ವೋಲ್ಟ್ ಇದ್ದರೆ ಪರವಾಗಿಲ್ಲ. ಹತ್ತಿರದಲ್ಲಿ ಇಸ್ತ್ರಿಪೆಟ್ಟಿಗೆಯಂಥ ದೊಡ್ಡ ಲೋಡ್ ಹಾಕಿದಾಗ ಇದು ಸ್ವಲ್ಪ ಏರಬೇಕು. ಏನು ಮಾಡಿದರೂ ಸೊನ್ನೆಯಲ್ಲೇ ಕೂತಿದ್ದರೆ ಯಾರೋ ಸಾಕೆಟ್ ಒಳಗೇ ನ್ಯೂಟ್ರಲ್‌ಗೆ ಅರ್ಥ್ ಜೋಡಿಸಿರಬಹುದು. ಈ ಕಳ್ಳದಾರಿ ಮಾತ್ರ ಬೇಡ್ವೇ ಬೇಡ. ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ನಿಮ್ಮ ಕ್ಯಾಬಿನೆಟ್ಟೇ ಫೇಸ್ ಆಗುತ್ತದೆ.

ಮಲ್ಟಿಮೀಟರ್ ಒಪ್ಪಿದ ಮಾತ್ರಕ್ಕೆ ಅರ್ಥ್ ಗಟ್ಟಿ ಅಂತಲ್ಲ. ಅರ್ಥ್ ಪೂರ್ತಿ ತುಕ್ಕು ಹಿಡಿದಿದ್ದರೂ ಅದು 230 ತೋರಿಸಬಲ್ಲದು, ಏಕೆಂದರೆ ಅದು ಎಳೆಯುವ ಕರೆಂಟ್ ತೀರಾ ಕಡಿಮೆ. ಲೂಪ್ ಟೆಸ್ಟರ್ (ಅರ್ಥ್ ದಾರಿಯ ತಡೆ ಅಳೆಯುವ ಮೀಟರ್) ಇರುವ ಎಲೆಕ್ಟ್ರಿಷಿಯನ್ ಕರೆಸಿ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಅದನ್ನೂ ಹಾಕಿಸಿಬಿಡಿ.

ಎರಡು ಪಿನ್ನಿನ ಚಾರ್ಜರ್ ಕತೆ ಬೇರೆ. ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಅರ್ಥ್ ಬೇಕಿಲ್ಲ. ಸಣ್ಣ ಜುಮ್ ಅದರಲ್ಲಿ ಮಾಮೂಲು. ಚುರುಕ್ ಅಂದರೆ ಇಟ್ಟುಕೊಳ್ಳಬೇಡಿ, ಎಸೆಯಿರಿ.

ಎಸ್‌ಎಂಪಿಎಸ್ ಬಿಚ್ಚಲು ಕೈ ತುರಿಸುತ್ತದೆ, ಗೊತ್ತು. ಅನುಭವ ಇಲ್ಲದಿದ್ದರೆ ಬಿಡಿ. ಒಳಗಿನ ದಪ್ಪ ಕ್ಯಾಪಾಸಿಟರ್‌ನಲ್ಲಿ 325 ವೋಲ್ಟ್ ಡಿಸಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಫಟ್ ಅಂತ ಶಾರ್ಟ್ ಮಾಡುವವರಿದ್ದಾರೆ, ನನಗೆ ಅದು ಹಿಡಿಸಲ್ಲ. ನಾನು 2.2 ಕಿಲೋಓಮ್, 5 ವ್ಯಾಟ್‌ನ ರೆಸಿಸ್ಟರ್‌ಗೆ ಇನ್ಸುಲೇಟೆಡ್ ವೈರ್ ಬೆಸೆದು ಇಟ್ಟುಕೊಂಡಿದ್ದೇನೆ. ಅದನ್ನು ಕ್ಯಾಪಾಸಿಟರ್‌ನ ಎರಡೂ ಕಾಲಿಗೆ ಐದು ಸೆಕೆಂಡ್ ಹಿಡಿದು, ಮೀಟರ್‌ನಲ್ಲಿ ನೋಡಿ, ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ. ಖಾಲಿಯಾದದ್ದು ತಾನಾಗೇ ಕೆಲವು ವೋಲ್ಟ್ ಮೇಲೇಳುವುದುಂಟು.

ನನ್ನ ಬೋರ್ಡ್‌ಗೆ ಮೂರು ಕೋರ್ ಕೇಬಲ್ ಹಾಕಿದೆ. ಅರ್ಥ್ ವೈರನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಟ್ಟೆ, ಯಾರಾದರೂ ಎಳೆದರೆ ಅದು ಕೊನೆಗೆ ಕೀಳಲಿ ಅಂತ. ಪ್ಲಗ್ ಹೊರಗಿಟ್ಟು ಅದರ ಉದ್ದ ಪಿನ್ನಿನಿಂದ ಕ್ಯಾಬಿನೆಟ್ ಸ್ಕ್ರೂವರೆಗೆ ಅಳೆದೆ: 0.4 ಓಮ್, ಅಂದರೆ ಅಷ್ಟು ದಾರಿ ಎಲ್ಲೂ ಕಡಿದಿಲ್ಲ. ಚಪ್ಪಲಿ ಈಗ ಬಾಗಿಲ ಹೊರಗಿದೆ.