ಕ್ಯಾಶ್ ಕ್ಲಿಯರ್ ಮಾಡಲು ಹೋಗಿ ನಾನು ಕಲಿತದ್ದು

ಶಿರಸಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಝೆರಾಕ್ಸ್, ಪಹಣಿ ಪ್ರಿಂಟ್, ಪರೀಕ್ಷೆ ಅರ್ಜಿ, ಪಾಸ್‌ಪೋರ್ಟ್ ಸೈಜಿನ ಫೋಟೊ, ಇಷ್ಟೇ ವ್ಯವಹಾರ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಮಳೆಗಾಲ ಬಂತೆಂದರೆ ದಿನಕ್ಕೆ ಹತ್ತು ಸಲ ಕೂಗುವ ಒಂದು ಯುಪಿಎಸ್. ಕಂಪ್ಯೂಟರ್ ಕೆಲಸವನ್ನು ನಾನು ಯಾವ ಕ್ಲಾಸಿಗೂ ಹೋಗಿ ಕಲಿತವನಲ್ಲ. ಗಿರಾಕಿಗಳ ಎದುರೇ ತಪ್ಪು ಮಾಡುತ್ತ ಕಲಿತೆ. ಅದರಲ್ಲಿ ದೊಡ್ಡ ತಪ್ಪುಗಳೆಲ್ಲ ಈ ಕ್ಯಾಶ್ ಕ್ಲಿಯರ್ ಮಾಡುವ, ಅಂದರೆ ಬ್ರೌಸರ್, ಆ್ಯಪ್‌ಗಳು ಕೂಡಿಟ್ಟುಕೊಂಡದ್ದನ್ನು ಅಳಿಸುವ ಕೆಲಸದಲ್ಲೇ ಆದವು.

ಮೊದಲನೆಯದು ಒಂದು ಜುಲೈ ತಿಂಗಳಲ್ಲಿ. ಹೊರಗೆ ಜಡಿಮಳೆ. ಬನವಾಸಿ ಕಡೆಯ ಹುಡುಗಿಯೊಬ್ಬಳು ಅರ್ಜಿ ತುಂಬಿಸಲು ಬಂದಿದ್ದಳು. ಮೊದಲು ಹಾಕಿದ ಫೋಟೊ ಕಪ್ಪಾಗಿತ್ತು, ಮತ್ತೊಂದು ತೆಗೆದು ಹಾಕಿದೆ. ‘ಅಪ್‌ಲೋಡ್ ಆಗಿದೆ’ ಎಂದು ಬಂತು. ಪುಟದಲ್ಲಿ ನೋಡಿದರೆ ಅದೇ ಕಪ್ಪು ಮುಖ. ಇನ್ನೊಮ್ಮೆ ಹಾಕಿದೆ, ಮತ್ತೂ ಅದೇ. ಅವಳ ಮೊಬೈಲಿನಲ್ಲಿ ತೆರೆದರೆ ಮಾತ್ರ ಹೊಸ ಫೋಟೊ! ಹಿಂದೆ ಆರೇಳು ಜನ ಕೊಡೆ ಮಡಚಿಕೊಂಡು ನಿಂತಿದ್ದರು, ನೆಲವೆಲ್ಲ ನೀರು. ಕ್ಯಾಶ್ ಕ್ಲಿಯರ್ ಮಾಡಿದರೆ ಇಂಥದ್ದು ಸರಿಯಾಗುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದೆ. ಕಂಡ ಚೌಕಗಳಿಗೆಲ್ಲ ಟಿಕ್ ಹಾಕಿದೆ. ಅವಧಿ ‘ಆಲ್ ಟೈಮ್’. ಡಿಲೀಟ್.

ಹೊಸ ಫೋಟೊ ಬಂತು. ಹುಡುಗಿ ಖುಷಿಯಾಗಿ ಹೋದಳು. ಮುಂದಿನವರು ಬಂದು ಕುಳಿತಾಗ ನನ್ನ ಮುಖ ಕಪ್ಪಾಯಿತು. ಇ-ಮೇಲ್ ಲಾಗಿನ್ ಕೇಳಿತು. ಅಂಗಡಿಯ ಕೆಲಸಕ್ಕೆ ಬಳಸುವ ಎಲ್ಲ ಖಾತೆಗಳೂ ಲಾಗಿನ್ ಕೇಳಿದವು. ಕ್ರೋಮ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್ ಒಂದೂ ಇಲ್ಲ. ಆ ಚೌಕಕ್ಕೂ ನಾನೇ ಟಿಕ್ ಹಾಕಿದ್ದೆ. ಹೊಸ ಪಾಸ್‌ವರ್ಡ್ ಮಾಡೋಣವೆಂದರೆ ಒಟಿಪಿ ಬರುವ ಮೊಬೈಲು ಮನೆಯಲ್ಲಿ ಚಾರ್ಜಿಗಿತ್ತು. ಆ ಮಧ್ಯಾಹ್ನ ಅಂಗಡಿಯಲ್ಲಿ ನಡೆದದ್ದು ಝೆರಾಕ್ಸ್ ಒಂದೇ.

ಅಷ್ಟೆಲ್ಲ ಅಳಿಸುವ ಅಗತ್ಯವೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಕಂಟ್ರೋಲ್ ಹಿಡಿದು ಎಫ್5 ಒತ್ತಿದ್ದರೆ ಸಾಕಿತ್ತು.

ನಮ್ಮ ಕಡೆ ಮಳೆಗಾಲಕ್ಕೆ ಮೊದಲೇ ಕಟ್ಟಿಗೆ ಒಣಗಿಸಿ ಒಳಗೆ ಸೇರಿಸುತ್ತೇವೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ನಾಗಂದಿಗೆ ಏರುತ್ತವೆ. ಜಡಿಮಳೆಯಲ್ಲಿ ಪೇಟೆಗೆ ಓಡುವುದು ಬೇಡ ಎಂದು ಅಲ್ವಾ? ಬ್ರೌಸರ್ ಮಾಡುವುದೂ ಅದನ್ನೇ. ಒಂದು ಪುಟ ತೆರೆದಾಗ ಅದರ ಚಿತ್ರ, ಲೋಗೊ, ಅಕ್ಷರದ ಫಾಂಟು, ಪುಟವನ್ನು ನಡೆಸುವ ಸ್ಕ್ರಿಪ್ಟು ಇವನ್ನೆಲ್ಲ ನಮ್ಮ ಕಂಪ್ಯೂಟರಿನಲ್ಲೇ ತೆಗೆದಿಡುತ್ತದೆ. ಇದೇ ಕ್ಯಾಶ್. ಇದನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂದು ಆ ಕಡೆಯ ಸರ್ವರ್ರೇ, ಅಂದರೆ ಜಾಲತಾಣವನ್ನು ಇಟ್ಟಿರುವ ಕಂಪ್ಯೂಟರೇ ಹೇಳಿ ಕಳಿಸುತ್ತದೆ. ಅವಧಿ ಮುಗಿದ ಮೇಲೆ ಬ್ರೌಸರ್ ‘ಇದು ಬದಲಾಗಿದೆಯಾ?’ ಎಂದು ಕೇಳುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಚಿಕ್ಕ ಉತ್ತರ ಕೊಟ್ಟು ಸುಮ್ಮನಾಗುತ್ತದೆ, ಇಡೀ ಚಿತ್ರವನ್ನು ಮತ್ತೆ ಕಳಿಸುವುದಿಲ್ಲ.

ಹುಡುಗಿಯ ವಿಷಯದಲ್ಲಿ ಆದದ್ದು ಇಷ್ಟು. ಹಳೆ ಫೋಟೊ, ಹೊಸ ಫೋಟೊ ಎರಡಕ್ಕೂ ಆ ಜಾಲತಾಣ ಒಂದೇ ಹೆಸರು ಕೊಟ್ಟಿತ್ತು. ಅವಧಿ ಇನ್ನೂ ಮುಗಿದಿರಲಿಲ್ಲ. ‘ಈ ಹೆಸರಿನದ್ದು ನನ್ನ ಹತ್ತಿರ ಇದೆಯಲ್ಲ’ ಎಂದು ಬ್ರೌಸರ್ ಹಳೆಯದನ್ನೇ ಎತ್ತಿ ತೋರಿಸಿತು. ಬರೀ ಎಫ್5 ಒತ್ತಿದರೆ ಕ್ರೋಮ್ ಮುಖ್ಯ ಪುಟವನ್ನು ಮತ್ತೆ ಕೇಳುತ್ತದೆ, ಒಳಗಿನ ಚಿತ್ರಗಳನ್ನು ಹೆಚ್ಚಾಗಿ ದಾಸ್ತಾನಿನಿಂದಲೇ ತೆಗೆಯುತ್ತದೆ. ಕಂಟ್ರೋಲ್ ಎಫ್5 ಅಥವಾ ಕಂಟ್ರೋಲ್ ಶಿಫ್ಟ್ ಆರ್ ಒತ್ತಿದರೆ ದಾಸ್ತಾನು ಬಿಟ್ಟು ಎಲ್ಲವನ್ನೂ ಹೊಸದಾಗಿ ತರಿಸುತ್ತದೆ, ಆ ಒಂದು ಪುಟಕ್ಕೆ ಮಾತ್ರ. ಪಾಸ್‌ವರ್ಡ್, ಲಾಗಿನ್ ಯಾವುದಕ್ಕೂ ತೊಂದರೆ ಇಲ್ಲ.

ಎರಡನೆಯ ಪಾಠ ಕಲಿಸಿದವರು ಒಬ್ಬ ಅಡಿಕೆ ತೋಟದ ಯಜಮಾನರು. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಲ್ಲದರ ದರವನ್ನೂ ದಿನಾ ಮೊಬೈಲಿನಲ್ಲಿ ನೋಡುವ ಗಿರಾಕಿ. ಒಂದು ದಿನ ಬೆಳಿಗ್ಗೆಯೇ ಬಂದು, “ತಮಾ, ಇದು ನಿನ್ನೆ ದರವನ್ನೇ ತೋರಸ್ತಾ ಇದ್ದು” ಎಂದರು. ನನಗೆ ಆಗ ಹೊಸ ವಿದ್ಯೆಯ ಹುಮ್ಮಸ್ಸು. “ಕ್ಯಾಶ್ ಕ್ಲಿಯರ್ ಮಾಡ್ತೇನೆ, ಕೊಡಿ ಮಾವ” ಎಂದೆ. ಅವರು ಮೊಬೈಲನ್ನು ಎದೆಗೆ ಒತ್ತಿಕೊಂಡು, “ಏ, ಅದರಲ್ಲಿ ಪಿಂಚಣಿ ದುಡ್ಡು ಬತ್ತು ಮಾರಾಯಾ!” ಎಂದರು. ಈ ಕ್ಯಾಶಿಗೂ ದುಡ್ಡಿನ ಕ್ಯಾಶಿಗೂ ಸಂಬಂಧವಿಲ್ಲ ಎಂದು ಒಪ್ಪಿಸಲು ಐದು ನಿಮಿಷ ಬೇಕಾಯಿತು. ಆಮೇಲೆ ಎಲ್ಲವನ್ನೂ ಅಳಿಸಿ, ಪುಟ ತೆರೆದು, ಗತ್ತಿನಿಂದ ಅವರ ಕೈಗೆ ಕೊಟ್ಟೆ. ದರ ಹಾಗೇ ಇತ್ತು. ಅವತ್ತು ಭಾನುವಾರ. ಪೇಟೆಯಲ್ಲಿ ವ್ಯಾಪಾರವೇ ಇಲ್ಲ!

ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡೆ. ಏನನ್ನಾದರೂ ಅಳಿಸುವ ಮೊದಲು ಅದೇ ಪುಟವನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯುತ್ತೇನೆ. ಕ್ರೋಮ್‌ನಲ್ಲಿ ಅದಕ್ಕೆ ಕಂಟ್ರೋಲ್ ಶಿಫ್ಟ್ ಎನ್, ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್ ಶಿಫ್ಟ್ ಪಿ. ಆ ಕಿಟಕಿಗೆ ಹಳೆಯ ಕ್ಯಾಶ್ ಇಲ್ಲ, ಹಳೆಯ ಕುಕಿ ಇಲ್ಲ. ಅಲ್ಲಿ ಸರಿಯಾಗಿ ಕಂಡರೆ ಗಲಾಟೆ ನಮ್ಮ ಕಂಪ್ಯೂಟರಿನಲ್ಲಿದೆ, ಅಳಿಸಿದರೆ ಉಪಯೋಗ ಉಂಟು. ಅಲ್ಲಿಯೂ ತಪ್ಪೇ ಕಂಡರೆ ತೊಂದರೆ ಹೆಚ್ಚಾಗಿ ಆ ಕಡೆಯದ್ದು. ಆಗ ನಾನು ಗಿರಾಕಿಗೆ “ಸಂಜೆ ಬನ್ನಿ” ಎನ್ನುತ್ತೇನೆ. ಅರ್ಜಿಯ ಕೊನೆಯ ದಿನ ಜಾಲತಾಣಗಳು ನರಳುವಾಗ ಎಷ್ಟೋ ಜನ ಕ್ಯಾಶ್ ಅಳಿಸುತ್ತಲೇ ಕೂರುತ್ತಾರೆ. ಸುಮ್ನೆ ಶ್ರಮ. ನರಳುವ ಸರ್ವರಿನಿಂದ ಆ ಲೋಗೊ, ಆ ಸ್ಕ್ರಿಪ್ಟು ಎಲ್ಲ ಮತ್ತೆ ಮೊದಲಿಂದ ಇಳಿಯಬೇಕು, ಇನ್ನೂ ತಡ.

ಕುಕಿಯ ವಿಷಯ ಸ್ವಲ್ಪ ಬೇರೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಎಂಬವರು ಇದನ್ನು ಬ್ರೌಸರಿಗೆ ತಂದರು. ಬಂದವರು ಯಾರೆಂದು ಜಾಲತಾಣಕ್ಕೆ ನೆನಪಿರಲಿ ಎಂದು ನಮ್ಮ ಬ್ರೌಸರಿನ ಕೈಯಲ್ಲೇ ಇಟ್ಟಿರುವ ಒಂದು ಚೀಟಿ ಅದು. ಚೀಟಿ ಅಳಿಸಿದರೆ ಅವರಿಗೆ ನಮ್ಮ ಗುರುತು ಸಿಗುವುದಿಲ್ಲ, ಮತ್ತೆ ಲಾಗಿನ್ ಕೇಳುತ್ತಾರೆ. ಒಂದು ಜಾಲತಾಣದಲ್ಲಿ ಲಾಗಿನ್ ಬಟನ್ ಒತ್ತಿದಷ್ಟೂ ಅದೇ ಪುಟಕ್ಕೆ ಬಂದು ನಿಲ್ಲುತ್ತಿದ್ದರೆ ಹಳಸಿದ ಚೀಟಿಯೇ ಕಾರಣ ಇರಬಹುದು. ಆಗಲೂ ನಾನು ಎಲ್ಲರ ಚೀಟಿ ಹರಿಯುವುದಿಲ್ಲ. ವಿಳಾಸದ ಎಡಕ್ಕಿರುವ ಪುಟ್ಟ ಗುರುತನ್ನು ಒತ್ತಿದರೆ ‘ಕುಕೀಸ್ ಅಂಡ್ ಸೈಟ್ ಡೇಟಾ’ ಸಿಗುತ್ತದೆ. ಅಲ್ಲಿ ಆ ಒಂದು ಜಾಲತಾಣದ್ದನ್ನು ಮಾತ್ರ ಅಳಿಸುತ್ತೇನೆ. ನನ್ನ ಅಂಗಡಿಯ ನೂರು ಅಡಚಣೆಗೆ ತೊಂಬತ್ತು ಇಷ್ಟರಲ್ಲೇ ಮುಗಿಯುತ್ತವೆ. (ಲೆಕ್ಕ ಹಾಕಿ ಹೇಳಿದ್ದಲ್ಲ, ಮಾತಿಗೆ ಹೇಳಿದೆ.)

ಮೂರನೆಯದನ್ನು ಬರೆಯಲು ಈಗಲೂ ನಾಚಿಕೆ.

ಅಡಿಕೆಯ ಕೊನೆಕೊಯ್ಲಿನ ಹೊತ್ತು. ಸಿದ್ದಾಪುರ ಕಡೆಯ ಹಿರಿಯರೊಬ್ಬರು ಆಂಡ್ರಾಯ್ಡ್ ಫೋನ್ ತಂದರು. ಲೆಕ್ಕ ಬರೆಯುವ ಒಂದು ಆ್ಯಪ್ ತೆರೆಯಲು ಬಹಳ ತಡ ಮಾಡುತ್ತಿತ್ತು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಕೊಟ್ಟದ್ದು, ಅಡಿಕೆ ಸುಲಿಯುವವರ ಮಜೂರಿ, ಮುಂಗಡ, ಬಾಕಿ ಎಲ್ಲ ಅದರಲ್ಲಿ. ಆ್ಯಪಿನ ಚಿತ್ರವನ್ನು ಒತ್ತಿ ಹಿಡಿದು ‘ಆ್ಯಪ್ ಇನ್ಫೊ’, ಅಲ್ಲಿಂದ ‘ಸ್ಟೋರೇಜ್’ಗೆ ಹೋದೆ. ಎರಡು ಬಟನ್ ಅಕ್ಕಪಕ್ಕ ಇದ್ದವು. ಒಂದು ‘ಕ್ಲಿಯರ್ ಕ್ಯಾಶ್’, ಇನ್ನೊಂದು ‘ಕ್ಲಿಯರ್ ಸ್ಟೋರೇಜ್’. ಕೆಲವು ಫೋನ್‌ಗಳಲ್ಲಿ ಇದಕ್ಕೆ ‘ಕ್ಲಿಯರ್ ಡೇಟಾ’ ಎಂದಿರುತ್ತದೆ. ಜಾಸ್ತಿ ಅಳಿಸಿದರೆ ಜಾಸ್ತಿ ಚುರುಕು ಎಂಬ ಮೂಢನಂಬಿಕೆ ನನ್ನದು. ಎರಡನೆಯದನ್ನು ಒತ್ತಿದೆ. ‘ಶಾಶ್ವತವಾಗಿ ಅಳಿಸಿಹೋಗುತ್ತದೆ’ ಎಂದು ಫೋನು ಎಚ್ಚರಿಸಿತು. ಓದದೆ ಓಕೆ ಕೊಟ್ಟೆ.

ಆ್ಯಪು ಚುರುಕಾಗಿಯೇ ತೆರೆಯಿತು. ಒಳಗೆ ಏನೂ ಇರಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ಮೇಲೆ ಕೆಳಗೆ ನೋಡಿದರು. “ಎಂತದೂ ಕಾಣ್ತಿಲ್ಲೆ ತಮಾ. ಎಲ್ಲಾ ಹೋತನಾ?”

ಎಲ್ಲಾ ಹೋಗಿತ್ತು. ಆ ಆ್ಯಪಿನ ಲೆಕ್ಕ ಫೋನಿನೊಳಗೆ ಮಾತ್ರ ಇತ್ತು, ಬ್ಯಾಕಪ್ ಮಾಡಿರಲಿಲ್ಲ. ಕ್ಯಾಶ್ ಎಂದರೆ ಮತ್ತೆ ತಂದುಕೊಳ್ಳಬಹುದಾದದ್ದು. ಸ್ಟೋರೇಜ್ ಅಥವಾ ಡೇಟಾ ಎಂದರೆ ಆ ಆ್ಯಪ್ ಕೂಡಿಟ್ಟದ್ದೆಲ್ಲ: ಲಾಗಿನ್, ಸೆಟ್ಟಿಂಗ್, ನಾವು ಬರೆದದ್ದು, ಒಳಗೇ ಇಳಿಸಿಟ್ಟುಕೊಂಡದ್ದು. ಲೆಕ್ಕ ಆನ್‌ಲೈನ್ ಖಾತೆಯಲ್ಲೂ ಇದ್ದಿದ್ದರೆ ಮತ್ತೆ ಲಾಗಿನ್ ಆದಾಗ ಬರುತ್ತಿತ್ತು. ನನ್ನ ಅಜ್ಜಿಗೆ ಇಳಿಸಿಕೊಟ್ಟಿದ್ದ ಯಕ್ಷಗಾನದ ವಿಡಿಯೋಗಳೂ ಹಿಂದೊಮ್ಮೆ ಹೀಗೇ ಹೋಗಿದ್ದವು. ಆಗಲೇ ಬುದ್ಧಿ ಬರಬೇಕಿತ್ತು.

ನಾನು ಎರಡು ಸಂಜೆ ಅವರ ಮನೆಗೆ ಹೋಗಿ ಲೆಕ್ಕ ಕೂಡಿಸಲು ಕುಳಿತೆ. ಕೈ ಹಿಡಿದದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಯಾವ ದಿನ ಎಷ್ಟು ಆಳಿಗೆ ಊಟ, ಎಷ್ಟು ಜನಕ್ಕೆ ಚಾ ಎಂದು ಆ ಮನೆಯ ಅತ್ತೆ ಪ್ರತಿ ತಾರೀಖಿನ ಚೌಕದಲ್ಲೂ ಪೆನ್ಸಿಲ್‌ನಲ್ಲಿ ಬರೆದಿದ್ದರು. ಅದರ ಮೇಲಿಂದ ದಿನಗೂಲಿ ಲೆಕ್ಕ ಹೆಚ್ಚುಕಡಿಮೆ ಸಿಕ್ಕಿತು. ಮುಂಗಡದ ಲೆಕ್ಕ ಸಿಗಲಿಲ್ಲ, ಕೊನೆಗೌಡ ಹೇಳಿದ್ದೇ ಲೆಕ್ಕ. ಅವನು ಪ್ರಾಮಾಣಿಕ, ಬಚಾವಾದೆ. ಅತ್ತೆ ಚಾ ಕೊಡುತ್ತ, “ಆ ಗುಂಡಿ ಇನ್ನು ಮುಟ್ಟಡ” ಎಂದರು.

ಈಗ ಯಾರದೇ ಫೋನಿನಲ್ಲಿ ನಾನು ‘ಕ್ಲಿಯರ್ ಕ್ಯಾಶ್’ ಮಾತ್ರ ಒತ್ತುತ್ತೇನೆ. ಇನ್ನೊಂದನ್ನು ಒತ್ತಲೇಬೇಕಾಗಿ ಬಂದರೆ ಮೂರು ಪ್ರಶ್ನೆ ಕೇಳುತ್ತೇನೆ. ಇದರ ಪಾಸ್‌ವರ್ಡ್ ನೆನಪಿದೆಯಾ? ಒಟಿಪಿ ಬರುವ ನಂಬರ್ ನಿಮ್ಮ ಹತ್ತಿರವೇ ಇದೆಯಾ? ಇದರೊಳಗೆ ನೀವೇ ಬರೆದದ್ದು ಏನಾದರೂ ಇದೆಯಾ?

ಕುಮಟಾದಲ್ಲಿರುವ ನನ್ನ ಅಕ್ಕನ ಫೋನು ಸದಾ ತುಂಬಿರುತ್ತದೆ. ಅವಳು ವಾರಕ್ಕೊಮ್ಮೆ ಎಲ್ಲ ಆ್ಯಪ್‌ಗಳ ಕ್ಯಾಶ್ ಅಳಿಸುತ್ತಿದ್ದಳು, ಮಾರನೆ ದಿನ ಮತ್ತೆ ಫುಲ್. ನೋಡಿದರೆ ಜಾಗ ತಿಂದದ್ದು ಕ್ಯಾಶೇ ಅಲ್ಲ. ವಾಟ್ಸಾಪ್‌ನ ಶುಭೋದಯ, ಹೂವು, ದೇವರು, ನಾಲ್ಕು ಗುಂಪುಗಳಿಂದ ಬಂದ ಒಂದೇ ವಿಡಿಯೋ. ಇವು ಫೈಲುಗಳು, ಕ್ಯಾಶ್ ಅಳಿಸಿದರೆ ಹೋಗುವುದಿಲ್ಲ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ತೆರೆದರೆ 5 ಎಂಬಿಗಿಂತ ದೊಡ್ಡವೆಲ್ಲ ಒಂದೇ ಕಡೆ ಸಿಗುತ್ತವೆ. ಅಲ್ಲಿಂದ ಆರಿಸಿ ತೆಗೆಯಲು ಹೇಳಿದೆ. ತಾನಾಗಿ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿಕೊಟ್ಟೆ. ಅಕ್ಕನಿಗೆ ಯಾರೋ ಒಂದು ‘ಕ್ಲೀನರ್’ ಆ್ಯಪನ್ನೂ ಹಾಕಿಕೊಟ್ಟಿದ್ದರು. ಜಾಗ ತೀರಾ ಕಡಿಮೆಯಾದಾಗ ಆಂಡ್ರಾಯ್ಡ್ ತಾನೇ ಕ್ಯಾಶ್ ಅಳಿಸಿಕೊಳ್ಳುತ್ತದೆ. ಅದಕ್ಕೆ ಜಾಹೀರಾತು ತೋರಿಸುವ ಒಬ್ಬ ಆಳು ಯಾಕೆ? ಅದನ್ನು ತೆಗೆದುಹಾಕಿದೆ.

ಐಫೋನ್ ನನ್ನ ಅಂಗಡಿಗೆ ಬರುವುದು ಕಡಿಮೆ. ಅದರಲ್ಲಿ ಪ್ರತಿ ಆ್ಯಪಿಗೂ ಕ್ಯಾಶ್ ಅಳಿಸುವ ಬಟನ್ ಇಲ್ಲ. ‘ಆಫ್‌ಲೋಡ್’ ಎಂಬುದಿದೆ, ಅದು ಆ್ಯಪನ್ನು ತೆಗೆದು ನಮ್ಮ ದಾಖಲೆಗಳನ್ನು ಉಳಿಸುತ್ತದೆ. ಸಫಾರಿಯದ್ದನ್ನು ಸೆಟ್ಟಿಂಗ್ಸ್‌ನಿಂದ ಅಳಿಸಬಹುದು.

ಇಷ್ಟು ಹೇಳಿದ ಮೇಲೆ ಒಂದು ತಿರುವು ಮಾತು. ನನ್ನ ಸ್ವಂತ ಫೋನಿನಲ್ಲಿ ನಾನು ಕ್ಯಾಶ್ ಮುಟ್ಟುವುದೇ ಇಲ್ಲ. ಮನೆ ಇರುವುದು ಘಟ್ಟದ ಅಂಚಿನಲ್ಲಿ, ನೆಟ್‌ವರ್ಕ್ ಬೇಕೆಂದರೆ ತೋಟದ ಮೇಲಿನ ಬೇಣಕ್ಕೆ ಹತ್ತಬೇಕು. ಕೂಡಿಟ್ಟಿದ್ದನ್ನು ಚೆಲ್ಲಿ ಮತ್ತೆ ಬೇಣ ಹತ್ತುವವರು ಯಾರು? ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ಉಲ್ಟಾ, ಅಲ್ಲಿ ಅಳಿಸಲೇಬೇಕು. ದಿನಕ್ಕೆ ಮೂವತ್ತು ಜನ ಅದೇ ಬ್ರೌಸರಿನಲ್ಲಿ ತಮ್ಮ ಖಾತೆ ತೆರೆಯುತ್ತಾರೆ. ಅದಕ್ಕೆ ಈಗ ಗಿರಾಕಿಗಳಿಗೆ ಕ್ರೋಮ್‌ನ ‘ಗೆಸ್ಟ್’ ಕಿಟಕಿ. ಮುಚ್ಚಿದ ಕೂಡಲೇ ಹಿಸ್ಟರಿ, ಕುಕಿ, ಕ್ಯಾಶ್ ಎಲ್ಲ ಹೋಗುತ್ತದೆ. ನನ್ನ ಲಾಗಿನ್‌ಗಳು ನನ್ನ ಪ್ರೊಫೈಲಿನಲ್ಲಿ ಬೇರೆ.

ಆದರೆ ಗೆಸ್ಟ್ ಕಿಟಕಿ ಮುಚ್ಚಿದರೂ ಹೋಗದ ಒಂದಿದೆ. ಇದು ನನಗೆ ತಡವಾಗಿ ಗೊತ್ತಾದದ್ದು. ಒಂದು ಸಂಜೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿದೆ. ಆಧಾರ್ ಪಿಡಿಎಫ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ, ತಿಂಗಳುಗಟ್ಟಲೆ ಬಂದವರದ್ದೆಲ್ಲ ಸಾಲಾಗಿ ಕುಳಿತಿತ್ತು. ಬ್ರೌಸರಿನಲ್ಲಿ ಡೌನ್‌ಲೋಡ್ ಹಿಸ್ಟರಿ ಅಳಿಸಿದರೆ ಹೋಗುವುದು ಪಟ್ಟಿ ಮಾತ್ರ, ಫೈಲು ಇದ್ದಲ್ಲೇ ಇರುತ್ತದೆ. ಈಗ ಶಟರ್ ಎಳೆಯುವ ಮೊದಲು ಆ ಫೋಲ್ಡರ್ ಖಾಲಿ ಮಾಡುತ್ತೇನೆ, ರೀಸೈಕಲ್ ಬಿನ್ ಖಾಲಿ ಮಾಡುತ್ತೇನೆ. ವಾಟ್ಸಾಪ್ ವೆಬ್ ತೆರೆದು ಪ್ರಿಂಟ್ ತೆಗೆಸಿದವರಿಗೆ ಅವರ ಫೋನಿನ ‘ಲಿಂಕ್ಡ್ ಡಿವೈಸಸ್’ ತೆರೆಸಿ, ನನ್ನ ಕಂಪ್ಯೂಟರಿನ ಹೆಸರು ಅಲ್ಲಿಂದ ಹೋದದ್ದನ್ನು ತೋರಿಸಿಯೇ ಕಳಿಸುತ್ತೇನೆ. ಕೆಲವರು “ಇರ್ಲಿ ಬಿಡು, ನಾಳೆ ಮತ್ತೆ ಬರ್ತೆ” ಎನ್ನುತ್ತಾರೆ. ನಾಳೆ ಬಂದರೆ ಮತ್ತೆ ಸ್ಕ್ಯಾನ್ ಮಾಡಿದರಾಯಿತು, ಹತ್ತು ಸೆಕೆಂಡಿನ ಕೆಲಸ.