ಹೊಸಬರಿಗೆ ಮಾರ್ಗದರ್ಶಿ: ತುಮಕೂರಿನಲ್ಲಿ ಇಂಪ್ಲಾಂಟ್ ಹಲ್ಲು, ಅದರ ಪೂರ್ತಿ ಖರ್ಚು

ಮನೆ ಬಾಡಿಗೆ, ಶಾಲೆ, ಗ್ಯಾಸ್ ಸಂಪರ್ಕ, ಇವೆಲ್ಲ ನಮ್ಮ ಸಂಘದ ಮಾರ್ಗದರ್ಶಿಯಲ್ಲಿ ಮೊದಲಿಂದ ಇವೆ. ಹಲ್ಲಿನ ಭಾಗ ಸೇರಿಸಿದ್ದು ಜನರ ಒತ್ತಾಯಕ್ಕೆ. ವಸಂತನರಸಾಪುರದ ಕಾರ್ಖಾನೆಗಳಿಗೆ, ಗುಬ್ಬಿ ಹತ್ತಿರದ ಎಚ್‌ಎಎಲ್ ಹೆಲಿಕಾಪ್ಟರ್ ಘಟಕಕ್ಕೆ, ಬ್ಯಾಂಕುಗಳಿಗೆ ರಾಯಚೂರು, ಕಲಬುರಗಿ, ಹಾವೇರಿ, ಬಳ್ಳಾರಿ ಕಡೆಯಿಂದ ಬರುವ ಕುಟುಂಬಗಳು ಸಾಮಾನು ಇಳಿಸಿ ಸ್ವಲ್ಪ ದಿನಕ್ಕೇ ಕೇಳುವ ಪ್ರಶ್ನೆ ಇದು: ‘ಇಲ್ಲಿ ಹಲ್ಲು ಕೂಡಿಸಾಕ ಎಷ್ಟು ತಗೋತಾರ್ರೀ?’ ಅಪ್ಪ-ಅಮ್ಮನನ್ನು ಊರಿಂದ ಕರೆಸಿಕೊಂಡ ಮೇಲಂತೂ ಈ ಪ್ರಶ್ನೆ ತಪ್ಪದು. ನಾವೂ ಹೀಗೇ ಬಂದವರು. ಒಂದೇ ರಸ್ತೆಯಲ್ಲಿ ನಾಲ್ಕು ಡೆಂಟಲ್ ಬೋರ್ಡು, ನಾಲ್ಕು ಬೇರೆ ರೇಟು ನೋಡಿ ತಲೆ ಕೆಟ್ಟವರು.

ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳಿ. ‘ಎಷ್ಟು?’ ಎಂದು ಕೇಳಿದರೆ ಒಂದು ಅಂಕಿ ಸಿಗುತ್ತದೆ. ‘ನಾನು ಆ ಹಲ್ಲಲ್ಲಿ ರೊಟ್ಟಿ ಕಡಿಯುವ ದಿನದವರೆಗೆ ಒಟ್ಟು ಎಷ್ಟು?’ ಎಂದು ಕೇಳಿದರೆ ಲೆಕ್ಕ ಸಿಗುತ್ತದೆ.

ಬಾಯೊಳಗೆ ಏನು ಕೂರಿಸುತ್ತಾರೆ

ಮೂರು ಭಾಗ. ದವಡೆಯ ಮೂಳೆಯೊಳಗೆ ಹೋಗುವ ಟೈಟೇನಿಯಂ ಸ್ಕ್ರೂ, ಅದರ ಮೇಲೆ ಅಬಟ್ಮೆಂಟ್ ಎಂಬ ಗೂಟ, ಅದರ ಮೇಲೆ ಕಾಣುವ ಹಲ್ಲು, ಅಂದರೆ ಕ್ಯಾಪ್ ಅಥವಾ ಕ್ರೌನ್. ಟೈಟೇನಿಯಂ ಲೋಹಕ್ಕೆ ಮೂಳೆ ತಾನಾಗಿ ಬೆಸೆದುಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡವರು ಸ್ವೀಡನ್ನಿನ ಬ್ರೋನೆಮಾರ್ಕ್. 1965ರಲ್ಲಿ ಅವರು ಮೊದಲ ರೋಗಿಗೆ ಇಂಥ ಹಲ್ಲು ಕೂರಿಸಿದರು. ಹಾಗಾಗಿ ಇದು ನಿನ್ನೆ ಮೊನ್ನೆ ಬಂದ ಪ್ರಯೋಗವಲ್ಲ, ಆ ಭಯ ಬೇಡ.

ಆ ಬೆಸುಗೆಗೆ ಸಮಯ ಬೇಕು. ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು, ಮೇಲ್ದವಡೆಯ ಮೂಳೆ ಮೆದುವಾದ್ದರಿಂದ ನಾಲ್ಕರಿಂದ ಆರು. ಹಲ್ಲು ಕೀಳಿಸಿ ಗಾಯ ಮಾಯಲು ಕಾಯುವುದಾದರೆ ಇನ್ನೂ ಎರಡು ಮೂರು ತಿಂಗಳು ಸೇರಿಸಿ. ವರ್ಗಾವಣೆ ಬರುವ ಕೆಲಸದಲ್ಲಿರುವವರು, ಗುತ್ತಿಗೆ ಮುಗಿಯಲಿರುವವರು ಶುರು ಮಾಡುವ ಮುನ್ನ ಕ್ಯಾಲೆಂಡರ್ ನೋಡಿ. ‘ಮೂರೇ ದಿನದಲ್ಲಿ ಹಲ್ಲು’ ಎಂಬ ಜಾಹೀರಾತು ಪೂರ್ತಿ ಸುಳ್ಳಲ್ಲ. ಮೂಳೆ ಗಟ್ಟಿ ಇದ್ದು ಸ್ಕ್ರೂ ಭದ್ರವಾಗಿ ಕೂತರೆ ಕೂಡಲೇ ಹಲ್ಲು ಕೊಡುವ ವಿಧಾನಗಳಿವೆ. ಎಲ್ಲರ ಬಾಯಿಗೂ ಅದು ಆಗದು. ಸ್ಕ್ಯಾನ್ ನೋಡುವ ಮೊದಲೇ ಮೂರು ದಿನದ ಭರವಸೆ ಕೊಟ್ಟರೆ ಎದ್ದು ಬನ್ನಿ.

ರೇಟು ಎಂದರೆ ಯಾವುದರ ರೇಟು

ಇಲ್ಲೇ ಹೆಚ್ಚು ಜನ ಬೀಳುವುದು. ಬ್ಯಾನರ್ ಮೇಲಿನ ‘ಇಂಪ್ಲಾಂಟ್ ಕೇವಲ 12,000’ ಎಂಬುದು ಬಹಳ ಸಲ ಸ್ಕ್ರೂ ಮತ್ತು ಅದನ್ನು ಕೂರಿಸುವ ಶಸ್ತ್ರಚಿಕಿತ್ಸೆಗೆ ಮಾತ್ರ. ಸೈಟಿನ ಬೆಲೆ ಹೇಳಿ ಮನೆಯ ಫೋಟೋ ತೋರಿಸಿದ ಹಾಗೆ. ಕೆಲವು ತಿಂಗಳು ಕಳೆದು ಕ್ಯಾಪ್ ಹಾಕಿಸಲು ಹೋದಾಗ ‘ಅಬಟ್ಮೆಂಟ್ ಬೇರೆ, ಕ್ರೌನ್ ಬೇರೆ’ ಎನ್ನುತ್ತಾರೆ. ಸ್ಕ್ರೂ ಆಗಲೇ ಮೂಳೆಯೊಳಗಿರುತ್ತದೆ, ಚೌಕಾಸಿಗೆ ಜಾಗವಿರುವುದಿಲ್ಲ.

ತುಮಕೂರಿನಂಥ ಊರಲ್ಲಿ ಸ್ಕ್ರೂ, ಅಬಟ್ಮೆಂಟ್, ಕ್ಯಾಪ್ ಮೂರೂ ಸೇರಿ ಒಂದು ಹಲ್ಲಿಗೆ ಸುಮಾರು 25,000ದಿಂದ 50,000 ರೂಪಾಯಿ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಸ್ವಿಸ್ ಅಥವಾ ಸ್ವೀಡಿಷ್ ಮೂಲದ ದುಬಾರಿ ಕಂಪನಿಯದ್ದಾದರೆ, ಅದೂ ಬೆಂಗಳೂರಲ್ಲಿ, ಇನ್ನೂ ಮೇಲೆ. ಇದರ ಹೊರಗೆ ಬರುವ ಬಾಬ್ತುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕೇಳಿ.

ಮೊದಲನೆಯದು ಚಿತ್ರ. ಇಡೀ ದವಡೆಯ ಓಪಿಜಿ ಎಕ್ಸ್‌ರೇ ಕೆಲವು ನೂರು ರೂಪಾಯಿ. ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್‌ಗೆ ಸಾವಿರ ದಾಟುತ್ತದೆ. ಆ ದುಡ್ಡಿಗೆ ಕೈ ಬಿಗಿ ಹಿಡಿಯಬೇಡಿ. ಕೆಳದವಡೆಯೊಳಗೆ ತುಟಿಗೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಸ್ಕ್ರೂ ಅದಕ್ಕೆ ತಗುಲಿದರೆ ತುಟಿ, ಗದ್ದ ಜೋಮು ಹಿಡಿದಂತೆಯೇ ಉಳಿಯಬಹುದು. ಮೂಳೆ ಎಷ್ಟು ಅಗಲವಿದೆ, ನರ ಎಷ್ಟು ಕೆಳಗಿದೆ ಎಂದು ಕಾಣುವುದು ಈ ಸ್ಕ್ಯಾನ್‌ನಲ್ಲೇ. ಸಿಡಿಯನ್ನೋ ಫೈಲನ್ನೋ ನಿಮ್ಮ ಕೈಗೆ ತೆಗೆದುಕೊಳ್ಳಿ. ನೀವು ಕಾಸು ಕೊಟ್ಟಿದ್ದು, ನಿಮ್ಮದು. ಎರಡನೇ ಅಭಿಪ್ರಾಯಕ್ಕೆ ಹೋದಾಗ ಮತ್ತೆ ತೆಗೆಸಬೇಕಿಲ್ಲ.

ಎರಡನೆಯದು ಮೂಳೆ. ಹಲ್ಲು ಕೀಳಿಸಿ ವರ್ಷಗಟ್ಟಲೆ ಬಿಟ್ಟ ಜಾಗದಲ್ಲಿ ಮೂಳೆ ಸವೆದಿರುತ್ತದೆ. ಆಗ ಮೂಳೆಪುಡಿ ತುಂಬಿ, ಮೇಲೆ ಪೊರೆ ಹೊದಿಸಿ ಬೆಳೆಸಬೇಕು. ಮೇಲ್ದವಡೆಯ ಹಿಂಭಾಗದಲ್ಲಾದರೆ, ಅಲ್ಲಿನ ಗಾಳಿಗೂಡಿನ ತಳವನ್ನು ಮೇಲೆತ್ತುವ ಸೈನಸ್ ಲಿಫ್ಟ್ ಎಂಬ ಇನ್ನೊಂದು ಕೆಲಸ ಬರಬಹುದು. ಇವು ಬಿಲ್ಲಿಗೆ ಐದು ಸಾವಿರದಿಂದ ಇಪ್ಪತ್ತು ಸಾವಿರ, ಕೆಲವೊಮ್ಮೆ ಇನ್ನೂ ಹೆಚ್ಚು ಸೇರಿಸುತ್ತವೆ. ಕಾಯುವ ತಿಂಗಳುಗಳನ್ನೂ ಹೆಚ್ಚಿಸುತ್ತವೆ. ‘ಬೇಕಾದೀತೇ?’ ಎಂದು ಮೊದಲ ದಿನವೇ ಕೇಳಿ.

ಮೂರನೆಯದು ಕ್ಯಾಪ್. ಲೋಹದ ಮೇಲೆ ಸೆರಾಮಿಕ್ ಅಗ್ಗ, ಜಿರ್ಕೋನಿಯಾ ದುಬಾರಿ. ಒಳಗಿನ ದವಡೆ ಹಲ್ಲಿಗೆ ಜಿರ್ಕೋನಿಯಾ ಬೇಕೇಬೇಕೆಂದಿಲ್ಲ. ಮುಂದಿನ ಹಲ್ಲಿಗೆ ಅಂದ ನೋಡುವವರು ಕೊಡಲಿ.

ಆಮೇಲೆ ಚಿಲ್ಲರೆ ಎನಿಸುವವು: ಹಲ್ಲು ಕೀಳುವ ಫೀಸು, ಕಾಯುವ ಕಾಲಕ್ಕೆ ತಾತ್ಕಾಲಿಕ ಹಲ್ಲು, ಔಷಧಿ, ವರ್ಷಕ್ಕೊಮ್ಮೆ ತಪಾಸಣೆ ಮತ್ತು ಕ್ಲೀನಿಂಗ್. ಸ್ಕ್ರೂ ಮೂಳೆಗೆ ಹಿಡಿಯದೆ ಬಿದ್ದುಹೋದರೆ ಎರಡನೇ ಸಲ ಯಾರ ಖರ್ಚು ಎಂಬುದನ್ನೂ ಬರೆಸಿಕೊಳ್ಳಿ. ಬಹುಪಾಲು ಇಂಪ್ಲಾಂಟುಗಳು ಹತ್ತು ವರ್ಷ ದಾಟಿಯೂ ನಿಲ್ಲುತ್ತವೆ. ಆದರೂ ನೂರಕ್ಕೆ ಕೆಲವು ಹೋಗುತ್ತವೆ, ಆ ಕೆಲವರಲ್ಲಿ ನೀವೂ ಇರಬಹುದು.

ನಮ್ಮ ಜನಕ್ಕೊಂದು ಸಂಕೋಚ. ಡಾಕ್ಟರ ಮುಂದೆ ದುಡ್ಡಿನ ಮಾತು ಎತ್ತಿದರೆ ಮರ್ಯಾದೆ ಹೋಯಿತು ಎಂಬಂತೆ ಕೈಕಟ್ಟಿ ಕೂರುತ್ತಾರೆ. ಸಂತೆಯಲ್ಲಿ ಬದನೆಕಾಯಿಗೆ ಅರ್ಧ ತಾಸು ಜಗಳವಾಡುವವರು ನಲವತ್ತು ಸಾವಿರಕ್ಕೆ ತಲೆಯಾಡಿಸಿ ಬರುತ್ತಾರೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಕ್ಲಿನಿಕ್‌ಗಳು ನೋಂದಣಿ ಮಾಡಿಸಿ ದರಪಟ್ಟಿ ಪ್ರದರ್ಶಿಸಬೇಕು. ಕೇಳುವುದು ಹಕ್ಕು, ಉದ್ಧಟತನ ಅಲ್ಲ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಂಡೇ ಸಹಿ ಹಾಕಿ. ಸಿದ್ಧಗಂಗೆಯ ಊರಿದು, ಇಲ್ಲಿ ಕನ್ನಡದಲ್ಲಿ ಕೇಳಲು ಯಾರಿಗೂ ಹೆದರಬೇಕಿಲ್ಲ.

ಕಂತಿನ ಮಾತು

‘ಬಡ್ಡಿ ಇಲ್ಲ, ತಿಂಗಳ ಕಂತು’ ಎಂದರೆ ಕ್ಲಿನಿಕ್‌ನವರು ಸಾಲ ಕೊಡುತ್ತಿದ್ದಾರೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಸಾಲ ಕೊಡುವುದು ಬೇರೊಂದು ಹಣಕಾಸು ಕಂಪನಿ, ಅದು ನಿಮ್ಮ ಪ್ಯಾನ್, ಆಧಾರ್ ಮೇಲೆ. ಕ್ಲಿನಿಕ್‌ಗೆ ಹಣ ಮೊದಲೇ ಸೇರುತ್ತದೆ. ಚಿಕಿತ್ಸೆ ಅರ್ಧಕ್ಕೆ ನಿಂತರೂ ಕಂತು ನಿಲ್ಲುವುದಿಲ್ಲ, ತಪ್ಪಿಸಿದರೆ ಸಿಬಿಲ್ ಅಂಕ ಬೀಳುತ್ತದೆ. ಸಂಸ್ಕರಣಾ ಶುಲ್ಕವೂ ಇರುತ್ತದೆ. ಕೆಲಸದ ಹಂತಕ್ಕೆ ತಕ್ಕ ಹಾಗೆ ಪಾವತಿ ಎಷ್ಟೋ ವಾಸಿ: ಸ್ಕ್ರೂ ಕೂರಿಸಿದ ದಿನ ಒಂದು ಪಾಲು, ಅಳತೆ ತೆಗೆದಾಗ ಒಂದು ಪಾಲು, ಕ್ಯಾಪ್ ಹಾಕಿದಾಗ ಉಳಿದದ್ದು.

ಸ್ಟಿಕ್ಕರ್ ಕೇಳಿ, ಜೋಪಾನವಾಗಿಡಿ

ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ಎಂದು ನಮ್ಮಲ್ಲಿ ಹಲವರು ಹೇಳಿದರು. ಪ್ರತಿ ಇಂಪ್ಲಾಂಟ್ ಪೊಟ್ಟಣದ ಮೇಲೆ ಕಂಪನಿ, ಮಾದರಿ, ಉದ್ದ, ದಪ್ಪ, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಇರುತ್ತದೆ. ಒಂದನ್ನು ಕಡತಕ್ಕೆ ಅಂಟಿಸಿಕೊಂಡು ಇನ್ನೊಂದನ್ನು ನಿಮ್ಮ ಕಾರ್ಡಿಗೆ ಅಂಟಿಸಿಕೊಡುವುದು ಪದ್ಧತಿ. ಕೇಳದಿದ್ದರೆ ಎಷ್ಟೋ ಕಡೆ ಕೊಡುವುದಿಲ್ಲ.

ಯಾಕೆ ಬೇಕು? ಕೆಲವು ವರ್ಷಗಳ ಮೇಲೆ ಒಳಗೆ ಅಬಟ್ಮೆಂಟನ್ನು ಹಿಡಿದಿಡುವ ಚಿಕ್ಕ ಸ್ಕ್ರೂ ಸಡಿಲಾಗುವುದು ಮಾಮೂಲಿ ತೊಂದರೆ. ಕಂಪನಿ ಗೊತ್ತಿದ್ದರೆ ಸರಿಯಾದ ಡ್ರೈವರ್ ತಂದು ಬಿಗಿ ಮಾಡುತ್ತಾರೆ, ಬೇಗ ಮುಗಿಯುವ ಕೆಲಸ. ನಮ್ಮ ಸದಸ್ಯರೊಬ್ಬರ ತಾಯಿಗೆ ಹಿಂದಿನ ಊರಲ್ಲಿ ಹಾಕಿಸಿದ ಹಲ್ಲು ಇಲ್ಲಿಗೆ ಬಂದ ಮೇಲೆ ಅಲ್ಲಾಡತೊಡಗಿತು. ಆ ಕ್ಲಿನಿಕ್ ಮುಚ್ಚಿತ್ತು, ಕಂಪನಿಯ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಎಕ್ಸ್‌ರೇಯಲ್ಲಿ ಸ್ಕ್ರೂವಿನ ಎಳೆ ನೋಡಿ ಇದಿರಬಹುದು, ಅದಿರಬಹುದು ಎಂದು ಊಹಿಸುತ್ತ ಒಬ್ಬರಿಂದ ಇನ್ನೊಬ್ಬರಿಗೆ ಅಲೆದರು. ಹೊಂದುವ ಭಾಗ ಸಿಗದೆ ಕೊನೆಗೆ ಕ್ಯಾಪ್ ಒಡೆದು ಹೊಸದು ಮಾಡಿಸಬೇಕಾಯಿತು. ಮೂಳೆಯೊಳಗೆ ಪೂರ್ತಿ ಗಟ್ಟಿಯಾಗಿದ್ದ ಸ್ಕ್ರೂ, ಒಂದು ಸ್ಟಿಕ್ಕರ್ ಇಲ್ಲದ ಕಾರಣಕ್ಕೆ ಇಷ್ಟು.

ಆದ್ದರಿಂದ ಬ್ರ್ಯಾಂಡ್ ವಿಚಾರದಲ್ಲಿ ನಮ್ಮ ಅಭಿಪ್ರಾಯ: ಅತಿ ದುಬಾರಿ ಬೇಕಿಲ್ಲ, ಆದರೆ ಬಿಡಿಭಾಗ ಹತ್ತು ವರ್ಷದ ಮೇಲೂ ಬೇರೆ ಊರಲ್ಲೂ ಸಿಗುವಂಥದ್ದು ಬೇಕು. ಸ್ಟ್ರೌಮನ್, ನೋಬೆಲ್ ಬಯೋಕೇರ್ ಮೇಲ್ದರ್ಜೆಯ ಬೆಲೆ. ಕೊರಿಯಾದ ಓಸ್ಟೆಮ್, ಇಸ್ರೇಲಿನ ಆಡಿನ್, ಆಲ್ಫಾ-ಬಯೋ ಮಧ್ಯಮ, ನಮ್ಮ ದೇಶದಲ್ಲಿ ಬಳಕೆಯಲ್ಲಿರುವಂಥವು. ‘ಇಂಪೋರ್ಟೆಡ್’ ಎಂಬುದು ಕಂಪನಿಯ ಹೆಸರಲ್ಲ. ‘ಜೀವಮಾನ ಗ್ಯಾರಂಟಿ’ ಎಂದರೂ ಸಾಮಾನ್ಯವಾಗಿ ಕಂಪನಿ ಕೊಡುವುದು ಬದಲಿ ಸ್ಕ್ರೂ ಮಾತ್ರ. ಡಾಕ್ಟರ ಫೀಸು, ಸ್ಕ್ಯಾನ್, ಹೊಸ ಕ್ಯಾಪ್ ಅದರಲ್ಲಿ ಬರುವುದಿಲ್ಲ.

ಇಂಪ್ಲಾಂಟೇ ಬೇಕೇ?

ಉಳಿಸಬಹುದಾದ ಹಲ್ಲನ್ನು ಕೀಳಿಸಿ ಇಂಪ್ಲಾಂಟ್ ಹಾಕಿಸುವುದು ಮೂರ್ಖತನ. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಇಂಪ್ಲಾಂಟಿನ ಅರ್ಧಕ್ಕಿಂತ ಕಡಿಮೆಗೆ ಮುಗಿಯುತ್ತದೆ. ಬ್ರಿಜ್, ಅಂದರೆ ಅಕ್ಕಪಕ್ಕದ ಹಲ್ಲುಗಳ ಮೇಲೆ ಸೇತುವೆಯಂತೆ ಕೂರುವ ಹಲ್ಲು, ಬೇಗ ಆಗುತ್ತದೆ, ಅಗ್ಗವೂ ಹೌದು. ಆದರೆ ಅದಕ್ಕಾಗಿ ಅಕ್ಕಪಕ್ಕದ ಎರಡು ಗಟ್ಟಿ ಹಲ್ಲು ಉಜ್ಜಿ ಸಣ್ಣ ಮಾಡಬೇಕು. ಆ ಹಲ್ಲುಗಳಿಗೆ ಹೇಗೂ ಕ್ಯಾಪ್ ಬೇಕಿದ್ದರೆ ಬ್ರಿಜ್ಜೇ ಸರಿ. ತೆಗೆದು ಹಾಕುವ ಪ್ಲಾಸ್ಟಿಕ್ ಹಲ್ಲು ಎಲ್ಲಕ್ಕಿಂತ ಅಗ್ಗ.

ಹಿರಿಯರ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಬಹಳ ಇದೆ: ಬಾಯಿ ತುಂಬ ಹಲ್ಲಿಲ್ಲದಿದ್ದರೆ ಪ್ರತಿ ಹಲ್ಲಿಗೊಂದು ಇಂಪ್ಲಾಂಟ್ ಎಂದು ಗುಣಿಸಿ ಹೌಹಾರುತ್ತಾರೆ. ಹಾಗಲ್ಲ. ಕೆಳದವಡೆಯಲ್ಲಿ ಎರಡೇ ಇಂಪ್ಲಾಂಟ್ ಕೂರಿಸಿ ಅದಕ್ಕೆ ಅಂಗಿಯ ಗುಂಡಿಯಂತೆ ಕಚ್ಚಿಕೊಳ್ಳುವ ಹಲ್ಲುಸೆಟ್ ಮಾಡುತ್ತಾರೆ. ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಇದೇ ಆಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದರು. ಕೆಳಗಿನ ಸೆಟ್ ಊಟದ ನಡುವೆ ಎದ್ದೆದ್ದು ಬರುವ ಅಜ್ಜಿಯರಿಗೆ ಇದು ವರ. ನಾಲ್ಕು ಇಂಪ್ಲಾಂಟಿನ ಮೇಲೆ ಪೂರ್ತಿ ಸ್ಥಿರ ಹಲ್ಲಾದರೆ ಒಂದು ದವಡೆಗೇ ಲಕ್ಷಗಳ ಮಾತು.

ಸ್ವಲ್ಪ ತಡೆಯಬೇಕಾದವರು

ಸಕ್ಕರೆ ಕಾಯಿಲೆ ಇದ್ದವರು ಮೊದಲು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಹತೋಟಿಗೆ ತನ್ನಿ, ಇಲ್ಲದಿದ್ದರೆ ಗಾಯ ಮಾಯದು. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತದ ಇಂಜೆಕ್ಷನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಚ್ಚಿಡದೆ ಹೇಳಿ. ತಾವಾಗಿಯೇ ನಿಲ್ಲಿಸಬೇಡಿ. ಹದಿನೆಂಟು ತುಂಬದ ಮಕ್ಕಳಿಗೆ ಬೇಡ, ದವಡೆ ಇನ್ನೂ ಬೆಳೆಯುತ್ತಿರುತ್ತದೆ.

ಬೀಡಿ, ಸಿಗರೇಟು, ಗುಟ್ಕಾ ಬಿಡದವರು ನಲವತ್ತು ಸಾವಿರವನ್ನು ಬೇರೇನಕ್ಕಾದರೂ ಬಳಸಿ. ಸ್ಕ್ರೂ ಸೋಲುವುದಕ್ಕೆ ಹೊಗೆಸೊಪ್ಪು ದೊಡ್ಡ ಕಾರಣ. ಅಡಿಕೆ ಬೆಳೆಯುವ ಸೀಮೆ ಇದು, ಕೈಗೆ ಸುಲಭವಾಗಿ ಸಿಗುತ್ತದೆ. ಸದಾ ಅಡಿಕೆ ಅಗಿಯುವವರ ಕೆನ್ನೆಯ ಒಳಗು ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅಂಥ ಬಾಯೊಳಗೆ ಉಪಕರಣವೇ ಹೋಗದು, ಇಂಪ್ಲಾಂಟ್ ಆಮೇಲಿನ ಮಾತು. ಬಿಳಿ ಮಚ್ಚೆ, ಮಾಯದ ಹುಣ್ಣು ಕಂಡರೆ ಕ್ಯಾನ್ಸರ್ ತಪಾಸಣೆ ಮೊದಲು.

ನೀರು

ಪಾವಗಡ, ಶಿರಾ, ಮಧುಗಿರಿ ಕಡೆ ಮನೆ ಮಾಡಿದವರು ಮಕ್ಕಳಿಗೆ ಬೋರ್‌ವೆಲ್ ನೀರು ಕುಡಿಸಬೇಡಿ. ಫ್ಲೋರೈಡ್ ಹೆಚ್ಚು. ಶುದ್ಧ ನೀರಿನ ಘಟಕದ ನೀರು ತನ್ನಿ. ಫ್ಲೋರೈಡಿನಿಂದ ಹಲ್ಲಿನ ಮೇಲೆ ಮೂಡುವ ಕಂದುಗೆರೆಗೆ ಇಂಪ್ಲಾಂಟ್ ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲಿಗೆ ಹೋಗಬಹುದು

- ಜಿಲ್ಲಾ ಆಸ್ಪತ್ರೆ, ದಂತ ವಿಭಾಗ: ತಪಾಸಣೆ, ಹಲ್ಲು ಕೀಳಿಸುವುದು, ತುಂಬಿಸುವುದು.
- ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು, ಅಗಳಕೋಟೆ: ಬೆಳಿಗ್ಗೆ ಬೇಗ ಹೋಗಿ. ವಿದ್ಯಾರ್ಥಿಗಳು ಮಾಡುತ್ತಾರೆ, ಅಧ್ಯಾಪಕರು ನೋಡುತ್ತಾರೆ. ಓಡಾಟ ಹೆಚ್ಚು, ಫೀಸು ಕಡಿಮೆ.
- ಸರಕಾರಿ ದಂತ ವೈದ್ಯಕೀಯ ಕಾಲೇಜು, ಬೆಂಗಳೂರು, ವಿಕ್ಟೋರಿಯಾ ಆಸ್ಪತ್ರೆ ಆವರಣ: ಬಸ್ಸಲ್ಲಿ ಮಾದಾವರಕ್ಕೆ, ಅಲ್ಲಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ನೇರ ಕೆ.ಆರ್. ಮಾರುಕಟ್ಟೆ.
- ಖಾಸಗಿ ಕ್ಲಿನಿಕ್: ಡಾಕ್ಟರ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಗೋಡೆಯ ಮೇಲಿರಬೇಕು. ಇಂಪ್ಲಾಂಟಿಗೆಂದೇ ಪ್ರತ್ಯೇಕ ಎಂಡಿಎಸ್ (ದಂತ ವೈದ್ಯರ ಸ್ನಾತಕೋತ್ತರ ಪದವಿ) ಇಲ್ಲ. ಕೃತಕ ಹಲ್ಲು, ವಸಡು, ಬಾಯಿ ಶಸ್ತ್ರಚಿಕಿತ್ಸೆ, ಈ ಮೂರರಲ್ಲೊಂದು ಎಂಡಿಎಸ್ ಮಾಡಿದವರು ಸಾಮಾನ್ಯವಾಗಿ ಮಾಡುತ್ತಾರೆ.

ಕಾರ್ಡುಗಳು

ಕಂಪನಿಯ ಆರೋಗ್ಯ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಬಹುತೇಕ ಹೊರಗಿರುತ್ತದೆ, ಅಪಘಾತದಲ್ಲಿ ಮುರಿದು ಆಸ್ಪತ್ರೆಗೆ ದಾಖಲಾದರೆ ಮಾತ್ರ ಸಿಗಬಹುದು. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ ಕಾರ್ಮಿಕರು ಇಎಸ್‌ಐ ಕಾರ್ಡಿನಲ್ಲಿ ಸಾಮಾನ್ಯ ದಂತ ಚಿಕಿತ್ಸೆ ಕೇಳಿ. ಬಿಪಿಎಲ್ ಕುಟುಂಬದ ಹಲ್ಲಿಲ್ಲದ ಹಿರಿಯರಿಗೆ ಉಚಿತ ಪೂರ್ಣ ಹಲ್ಲುಸೆಟ್ ಕೊಡಲೆಂದು ರಾಜ್ಯ ಸರಕಾರ ತಂದದ್ದು ದಂತ ಭಾಗ್ಯ ಯೋಜನೆ. ದಂತ ಕಾಲೇಜಿಗೆ ಹೋದಾಗ ಆ ಬಗ್ಗೆ ವಿಚಾರಿಸಿ.

ಸಂಘದಿಂದ

ಖರ್ಚಿನ ಬಾಬ್ತುಗಳ ಒಂದು ಪುಟದ ಖಾಲಿ ನಮೂನೆ ಸಂಘದ ಕಚೇರಿಯಲ್ಲಿದೆ, ಕನ್ನಡದಲ್ಲೇ. ಕನಿಷ್ಠ ಎರಡು ಕಡೆ ತುಂಬಿಸಿಕೊಂಡು ಬಂದರೆ ಭಾನುವಾರ ಬೆಳಿಗ್ಗೆ ಜೊತೆಗೆ ಕೂತು ಹೋಲಿಸಿ ನೋಡೋಣ. ‘ಯಾವ ಡಾಕ್ಟರು ಒಳ್ಳೆಯವರು ಹೇಳಿ’ ಎಂದು ಮಾತ್ರ ಕೇಳಬೇಡಿ, ಹೇಳುವುದಿಲ್ಲ. ಬರುವಾಗ ಓಪಿಜಿ, ಸಕ್ಕರೆ ವರದಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ತನ್ನಿ. ಯಾರಿಗೆ ಹಲ್ಲು ಬೇಕೋ ಅವರನ್ನೂ ಕರೆತನ್ನಿ. ಮಗ-ಸೊಸೆ ಬಂದು ಅತ್ತೆಯ ಹಲ್ಲಿನ ಬಗ್ಗೆ ತೀರ್ಮಾನ ಮಾಡಿಕೊಂಡು ಹೋಗುವುದನ್ನು ಬಹಳ ನೋಡಿದ್ದೇವೆ.